ಪೆಟ್ಟಿಗೆಯ ಹಿಂಬಾಗಿಲು ತೆರೆದು ನೋಡಿ: ತುಮಕೂರು ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಜಿಲ್ಲಾ ದಂಡಾಧಿಕಾರಿಗಳು,
ತುಮಕೂರು ಜಿಲ್ಲೆ, ತುಮಕೂರು.

ವಿಷಯ: ಹಳೆಯ ವಿಡಿಯೋ ಗೇಮ್ ಯಂತ್ರಗಳನ್ನು ಜೂಜಿನ ಯಂತ್ರಗಳಿಂದ ಬೇರೆ ಮಾಡಿ ನೋಡುವಂತೆ ಸುತ್ತೋಲೆ ಹೊರಡಿಸಲು ಕೋರಿ.

ಮಾನ್ಯರೇ,

ನಾನು ತುಮಕೂರಿನ ನಿವಾಸಿ. ಮುಚ್ಚಿಹೋದ ಗೇಮ್ ಅಂಗಡಿಗಳಲ್ಲಿ ಮೂಲೆಗುಂಪಾಗಿರುವ, ನಿಂತುಕೊಂಡು ಆಡುವ ಹಳೆಯ ಆರ್ಕೇಡ್ ಯಂತ್ರಗಳನ್ನು ಕೊಂಡು ತಂದು, ರಿಪೇರಿ ಮಾಡಿ, ಕೆಲವನ್ನು ಇಟ್ಟುಕೊಂಡು ಕೆಲವನ್ನು ಆಸಕ್ತರಿಗೆ ಮಾರುವುದು ನನ್ನ ಹವ್ಯಾಸವೂ ಹೌದು, ಅಲ್ಪಸ್ವಲ್ಪ ವ್ಯಾಪಾರವೂ ಹೌದು. ವ್ಯಾಪಾರವೆಂದರೆ ದೊಡ್ಡದೇನಲ್ಲ, ಬಹುಪಾಲು ಬೆಂಗಳೂರಿನವರೊಂದಿಗೋ ಚೆನ್ನೈನವರೊಂದಿಗೋ ನಡೆಯುವ ವಿನಿಮಯ, ಒಂದು ಗೇಮ್ ಬೋರ್ಡಿಗೆ (ಆಟವನ್ನು ನಡೆಸುವ ಎಲೆಕ್ಟ್ರಾನಿಕ್ ಹಲಗೆಗೆ) ಬದಲಾಗಿ ಒಂದು ಒಳ್ಳೆಯ ಮಾನಿಟರ್. ತೊಂಬತ್ತರ ದಶಕದಲ್ಲಿ ನಮ್ಮ ಜಿಲ್ಲೆಯಲ್ಲಿ ಶಾಲೆಗೆ ಹೋದವರಿಗೆ ಈ ಪೆಟ್ಟಿಗೆಗಳ ಪರಿಚಯ ಮಾಡಿಕೊಡಬೇಕಾಗಿಲ್ಲ. ಕ್ಯಾಪ್ಕಾಮ್ ಕಂಪನಿ 1993ರಲ್ಲಿ ಹೊರತಂದ ‘ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್’ ಎಂಬ ಆಟದ ಹೆಸರನ್ನು ನೆಟ್ಟಗೆ ಹೇಳುವವರು ಆಗ ನಮ್ಮಲ್ಲಿ ಯಾರೂ ಇರಲಿಲ್ಲ. ಅದರೊಳಗಿನ ಒಬ್ಬ ವೀರನ ಹೆಸರೇ ಆಟದ ಹೆಸರಾಗಿ ಎಲ್ಲರ ಬಾಯಲ್ಲೂ ಅದು ‘ಮುಸ್ತಫಾ’ ಆಗಿತ್ತು.

ತಮಗೆ ಪತ್ರ ಬರೆಯಲು ಕಾರಣವಾದ ಘಟನೆಯನ್ನು ಮೊದಲು ಹೇಳುತ್ತೇನೆ. ಕಳೆದ ಮಳೆಗಾಲದಲ್ಲಿ ಇಂಥ ಎರಡು ಯಂತ್ರಗಳನ್ನು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಬರುತ್ತಿದ್ದಾಗ ದಾರಿಯಲ್ಲಿ ತಪಾಸಣೆಗೆ ನಿಲ್ಲಿಸಿದರು. ಟಾರ್ಪಾಲ್ ಸರಿಸಿದ ಸಿಬ್ಬಂದಿಯ ಕಣ್ಣಿಗೆ ಮೊದಲು ಬಿದ್ದದ್ದು ಕಾಯಿನ್ ಹಾಕುವ ಕಿಂಡಿ. “ಇದು ಜೂಜಿನ ಮಷಿನ್ ಅಲ್ವೇನ್ರೀ?” ಎಂದರು. ಅಲ್ಲವೆಂದು ನಾನು ಎಷ್ಟು ವಿವರಿಸಿದರೂ ಅದನ್ನು ಒಪ್ಪುವುದಕ್ಕೆ ಅವರ ಬಳಿ ಯಾವ ಆದೇಶವೂ ಇರಲಿಲ್ಲ, ತೋರಿಸುವುದಕ್ಕೆ ನನ್ನ ಬಳಿ ಯಾವ ಕಾಗದವೂ ಇರಲಿಲ್ಲ. ಹನ್ನೊಂದು ದಿನಗಳ ನಂತರ ಯಾವ ಪ್ರಕರಣವನ್ನೂ ದಾಖಲಿಸದೆ ಯಂತ್ರಗಳನ್ನು ಮರಳಿಸಿದರು. ಆ ಹನ್ನೊಂದು ದಿನವೂ ಅವು ಬಯಲಿನಲ್ಲಿ ನೆನೆದಿದ್ದವು. ಪ್ಲೈವುಡ್ ಎಂಥದೆಂದು ತಮಗೆ ತಿಳಿಯದ್ದೇನಲ್ಲ; ಬುಡದಿಂದ ಮೊಣಕಾಲೆತ್ತರದವರೆಗೆ ಪದರು ಪದರಾಗಿ ಬಿಚ್ಚಿಕೊಂಡು ಹಳೆಯ ಪುಸ್ತಕದ ಹಾಗೆ ಉಬ್ಬಿತ್ತು. ಒಂದು ಯಂತ್ರದೊಳಗೆ ಕ್ಯಾಪ್ಕಾಮ್‌ನ ಸಿಪಿಎಸ್-2 ಬೋರ್ಡ್ ಇತ್ತು. ನಕಲು ತಡೆಯಲೆಂದು ಆ ಬೋರ್ಡಿನಲ್ಲಿ ಆಟದ ಗುಪ್ತಕೀಲಿಯನ್ನು, ಅಂದರೆ ಆಟದ ಸಂಕೇತಗಳನ್ನು ಬಿಡಿಸುವ ಸಂಖ್ಯೆಯನ್ನು, ಒಂದು ಪುಟ್ಟ ಬ್ಯಾಟರಿಯ ಆಸರೆಯಲ್ಲಿ ಇಟ್ಟಿರುತ್ತಾರೆ. ಬ್ಯಾಟರಿ ಸತ್ತ ಗಳಿಗೆಯಲ್ಲೇ ಕೀಲಿ ಅಳಿಸಿಹೋಗಿ ಬೋರ್ಡ್ ಮೂಕವಾಗುತ್ತದೆ. ಮುಂದಿನ ಭಾನುವಾರ ಬ್ಯಾಟರಿ ಬದಲಾಯಿಸಬೇಕೆಂದುಕೊಂಡಿದ್ದೆ. ಯಂತ್ರ ಮನೆಗೆ ಬಂದು ಸ್ವಿಚ್ ಹಾಕಿದಾಗ ಕಂಡದ್ದು ಬರಿಯ ಬಣ್ಣದ ಪರದೆ. ಅಂಥ ಕೀಲಿಯನ್ನು ಮತ್ತೆ ತುಂಬುವ ದಾರಿಯನ್ನು ಬೇರೆ ದೇಶಗಳ ಹವ್ಯಾಸಿಗಳು ಕಂಡುಹಿಡಿದಿರುವುದರಿಂದ ಬೋರ್ಡ್ ಬದುಕಿತು, ಪೆಟ್ಟಿಗೆ ಉಳಿಯಲಿಲ್ಲ.

ಆ ಸಿಬ್ಬಂದಿಯನ್ನು ದೂರುವುದು ನನ್ನ ಉದ್ದೇಶವಲ್ಲ. ಜೂಜಿನ ಯಂತ್ರಕ್ಕೂ ಕಾಯಿನ್ ಕಿಂಡಿ ಇರುತ್ತದೆ, ಮುಸ್ತಫಾ ಪೆಟ್ಟಿಗೆಗೂ ಇರುತ್ತದೆ; ಹೊರಗಿನಿಂದ ನೋಡಿದವರಿಗೆ ಎರಡೂ ಒಂದೇ. ಆದರೆ ಹಿಂಬಾಗಿಲು ತೆರೆದರೆ ಐದು ನಿಮಿಷದಲ್ಲಿ ವ್ಯತ್ಯಾಸ ತಿಳಿಯುತ್ತದೆ. ಮೊದಲನೆಯದಾಗಿ, ಆಟದ ಪೆಟ್ಟಿಗೆಯಲ್ಲಿ ಕಾಯಿನ್ ಒಳಗೆ ಹೋಗುವ ದಾರಿ ಇದೆ, ಹೊರಗೆ ಬರುವ ದಾರಿ ಇಲ್ಲ. ಗೆದ್ದವನಿಗೆ ಸಿಗುವುದು ಪರದೆಯ ಮೇಲೆ ಮೂರಕ್ಷರದ ಹೆಸರು ಮಾತ್ರ. ಇಷ್ಟರಿಂದಲೇ ತೀರ್ಮಾನಕ್ಕೆ ಬರಬಾರದೆಂದು ನಾನೇ ಹೇಳಬೇಕು, ಏಕೆಂದರೆ ಕಾಯಿನ್ ಉದುರಿಸದ ಜೂಜಿನ ಯಂತ್ರಗಳೂ ಇವೆ. ಅವುಗಳಲ್ಲಿ ಅಂಕ ನೋಡಿ ಮಾಲೀಕನೇ ಗಲ್ಲಾಪೆಟ್ಟಿಗೆಯಿಂದ ದುಡ್ಡು ಎಣಿಸಿ ಕೊಡುತ್ತಾನೆ. ಅಂಥ ಯಂತ್ರದಲ್ಲಿ ಜಾಯ್‌ಸ್ಟಿಕ್ ಸಾಮಾನ್ಯವಾಗಿ ಇರುವುದಿಲ್ಲ. ಬಾಜಿ ಕಟ್ಟುವ, ಚಿತ್ರ ನಿಲ್ಲಿಸುವ ಗುಂಡಿಗಳ ಒಂದು ಸಾಲಿರುತ್ತದೆ, ಮಾಲೀಕ ಅಂಕ ಅಳಿಸಲು ಬಳಸುವ ಬೀಗದಕೈ ಸ್ವಿಚ್ ಒಂದಿರುತ್ತದೆ. ಬೋರ್ಡಿನ ಅಂಚು ಇನ್ನೂ ಸ್ಪಷ್ಟವಾದ ಗುರುತು. ಜಪಾನಿನ ತಯಾರಕರ ಸಂಘ 1985ರಲ್ಲಿ ಗೊತ್ತುಮಾಡಿದ ಜಮ್ಮಾ ಪದ್ಧತಿಯ ಆಟದ ಬೋರ್ಡಿನಲ್ಲಿ ಬದಿಗೆ 28ರಂತೆ 56 ಪಿನ್ನುಗಳ ಒಂದೇ ಕನೆಕ್ಟರ್ ಇರುತ್ತದೆ. ‘ಚೆರ್ರಿ ಮಾಸ್ಟರ್’ ಬಗೆಯ ಜೂಜಿನ ಬೋರ್ಡುಗಳಲ್ಲಿ ಬದಿಗೆ 36 ಪಿನ್ನಿನದೊಂದು, ಬದಿಗೆ 10 ಪಿನ್ನಿನದೊಂದು, ಹೀಗೆ ಎರಡಿರುತ್ತವೆ. ಇದನ್ನು ನೋಡಲು ಎಂಜಿನಿಯರೇ ಬೇಕೆಂದಿಲ್ಲ, ಒಂದು ಟಾರ್ಚ್ ಸಾಕು.

ಕಾನೂನೂ ಈ ವ್ಯತ್ಯಾಸವನ್ನು ಮಾಡಿದೆ. ಕರ್ನಾಟಕ ಪೊಲೀಸ್ ಕಾಯ್ದೆ, 1963ರ ಕಲಂ 79 ಮತ್ತು 80 ಜೂಜಿನ ಅಡ್ಡೆಗಳಿಗೆ ಸಂಬಂಧಿಸಿದವು. ಅವು ಕೌಶಲದ ಆಟಗಳಿಗೆ ಅನ್ವಯಿಸುವುದಿಲ್ಲವೆಂದು ಕಲಂ 176 ಹೇಳುತ್ತದೆ. ಇದನ್ನು ಬದಲಿಸಿದ 2021ರ ತಿದ್ದುಪಡಿಯ ಮುಖ್ಯ ಭಾಗಗಳನ್ನು 2022ರ ಫೆಬ್ರವರಿಯಲ್ಲಿ ನಮ್ಮ ಹೈಕೋರ್ಟ್ ರದ್ದುಪಡಿಸಿತು. ನನಗೆ ಅನುಕೂಲವಲ್ಲದ ತೀರ್ಪನ್ನೂ ಮುಚ್ಚಿಡುವುದಿಲ್ಲ: ಕರ್ನಾಟಕದಿಂದಲೇ ಹೋದ ವಿಡಿಯೋ ಗೇಮ್ ಪ್ರಕರಣದಲ್ಲಿ 1995ರಲ್ಲಿ ಸುಪ್ರೀಂ ಕೋರ್ಟ್, ಅದೃಷ್ಟವನ್ನು ನೆಚ್ಚಿದ ಆಟಗಳನ್ನು ಜೂಜಿನ ಸಾಲಿಗೆ ಸೇರಿಸಿ, ಪಾರ್ಲರ್‌ಗಳಿಗೆ ಪರವಾನಗಿ ಕಡ್ಡಾಯಗೊಳಿಸಿದ್ದನ್ನು ಎತ್ತಿಹಿಡಿಯಿತು. ಪಾರ್ಲರ್ ನಡೆಸುವವರು ಪರವಾನಗಿ ಪಡೆಯಲಿ, ಅದರಲ್ಲಿ ತಕರಾರಿಲ್ಲ. ನಾನು ಪಾರ್ಲರ್ ನಡೆಸುತ್ತಿಲ್ಲ. ಮನೆಯಲ್ಲಿಡಲು, ಸಾಗಿಸಲು, ಮತ್ತೊಬ್ಬ ಸಂಗ್ರಾಹಕನಿಗೆ ಮಾರಲು ನನಗೆ ಯಾವ ಅನುಮತಿ ಬೇಕು ಅಥವಾ ಬೇಡ ಎಂಬುದಕ್ಕೆ ಮೂರು ಕಚೇರಿಗಳಲ್ಲಿ ವಿಚಾರಿಸಿ ಮೂರು ಬಗೆಯ ಉತ್ತರ ಪಡೆದಿದ್ದೇನೆ, ಮೂರೂ ಬಾಯಿಮಾತಿನವು.

ಈ ಗೊಂದಲ ಹೊಸದಲ್ಲ, ನಮ್ಮ ಊರಿನದಷ್ಟೇ ಅಲ್ಲ. ನ್ಯೂಯಾರ್ಕ್ ನಗರದಲ್ಲಿ 1942ರಲ್ಲಿ ಪಿನ್‌ಬಾಲ್ ಯಂತ್ರಗಳನ್ನು (ಇಳಿಜಾರು ಹಲಗೆಯ ಮೇಲೆ ಚೆಂಡು ಹೊಡೆದು ಆಡುವ ಯಂತ್ರಗಳನ್ನು) ಜೂಜೆಂದು ನಿಷೇಧಿಸಿ, ಮೇಯರ್ ಲಾಗಾರ್ಡಿಯಾ ಸುತ್ತಿಗೆ ಹಿಡಿದು ಪುಡಿಮಾಡಿಸಿದರು. 1976ರಲ್ಲಿ ರೋಜರ್ ಶಾರ್ಪ್ ಎಂಬುವರು ನಗರಸಭೆಯವರ ಎದುರಿಗೆ ಯಂತ್ರವನ್ನಿಟ್ಟು, ಚೆಂಡು ಎಲ್ಲಿಗೆ ಹೋಗುತ್ತದೆಂದು ಮೊದಲೇ ಹೇಳಿ ಹಾಗೆಯೇ ಹೊಡೆದು ತೋರಿಸಿದ ಮೇಲೆ ನಿಷೇಧ ಹೋಯಿತು. ಅದೇ ನಗರದ ಆಧುನಿಕ ಕಲಾ ಸಂಗ್ರಹಾಲಯ 2012ರಲ್ಲಿ ‘ಪ್ಯಾಕ್‌ಮ್ಯಾನ್’ ಆಟವನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು.

ಪೊಲೀಸರ ಭಯದಿಂದ ಈಗ ಆಗುತ್ತಿರುವುದೇನೆಂದರೆ, ಹಳೆಯ ಅಂಗಡಿಯವರು ನಮ್ಮಂಥವರಿಗೆ ಮಾರಲು ಹಿಂಜರಿದು ಪೆಟ್ಟಿಗೆಗಳನ್ನು ಗುಜರಿಗೆ ಹಾಕುತ್ತಿದ್ದಾರೆ. ಗುಜರಿಯಲ್ಲಿ ನಡೆಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪಿಕ್ಚರ್ ಟ್ಯೂಬಿನ ಕತ್ತಿಗೆ ಸುತ್ತಿರುವ ತಾಮ್ರದ ಸುರುಳಿಗಾಗಿ ಆ ಕತ್ತನ್ನೇ ಮುರಿಯುತ್ತಾರೆ. ‘ಟಪ್’ ಎಂಬ ಸದ್ದಿನೊಂದಿಗೆ ಗಾಳಿ ಒಳನುಗ್ಗಿದರೆ ಆ ಟ್ಯೂಬಿನ ಕಥೆ ಮುಗಿಯಿತು. ಆ ಗಾಜಿನಲ್ಲಿ ಸೀಸವಿದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳನ್ನು ಪಾಲಿಸುವ ಹೊಣೆಯ ದೃಷ್ಟಿಯಿಂದಲೂ ಇದು ತಮ್ಮ ಗಮನಕ್ಕೆ ಬರಬೇಕಾದ ವಿಷಯ. ನಾವು ಒಂದು ಯಂತ್ರ ಉಳಿಸಲು ಎಷ್ಟು ಒದ್ದಾಡುತ್ತೇವೆಂದರೆ, ನಮ್ಮೂರ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ದುಡಿದ ಹಿರಿಯರೊಬ್ಬರು, ಎಪ್ಪತ್ತು ದಾಟಿದ್ದರೂ, ಜಾಯ್‌ಸ್ಟಿಕ್ಕಿನ ಸವೆದ ಸ್ಪ್ರಿಂಗುಗಳನ್ನು ಕಣ್ಣಿಗೆ ಲೂಪ್ (ಗಡಿಯಾರದವರ ಭೂತಗನ್ನಡಿ) ಸಿಕ್ಕಿಸಿಕೊಂಡು ನನಗೆ ಸುತ್ತಿಕೊಡುತ್ತಾರೆ. ಗಡಿಯಾರದ ಕೆಲಸಕ್ಕಿಂತ ಇದು ಒರಟು ಎಂದು ಪ್ರತಿ ಸಲವೂ ಬೈಯುತ್ತಾರೆ, ಹಣ ಮಾತ್ರ ಮುಟ್ಟುವುದಿಲ್ಲ.

ಆದ್ದರಿಂದ, ಹಣ ಅಥವಾ ಹಣದ ಬೆಲೆಯುಳ್ಳದ್ದನ್ನು ಕೊಡದ ಕೌಶಲದ ಆಟದ ಯಂತ್ರಗಳನ್ನು ಸಂಗ್ರಹಕ್ಕಾಗಿ ಇಟ್ಟುಕೊಳ್ಳುವುದು, ಸಾಗಿಸುವುದು ಮತ್ತು ಮಾರುವುದರ ಬಗ್ಗೆ ಒಂದು ಪುಟದ ಸ್ಪಷ್ಟೀಕರಣವನ್ನು ಜಿಲ್ಲೆಯ ಎಲ್ಲ ಠಾಣೆಗಳಿಗೂ ಕಳುಹಿಸಬೇಕೆಂದು, ಅನುಮಾನ ಬಂದಲ್ಲಿ ಹಿಂಬಾಗಿಲು ತೆರೆಸಿ ನೋಡಿ ಮಹಜರಿನಲ್ಲಿ ಬೋರ್ಡಿನ ಬಗೆಯನ್ನು ಬರೆಯುವಂತೆ ಸೂಚಿಸಬೇಕೆಂದು, ಜಪ್ತಿ ಮಾಡಲೇಬೇಕಾಗಿ ಬಂದರೆ ಯಂತ್ರವನ್ನು ಸೂರಿನಡಿ ಇಡಿಸಬೇಕೆಂದು ವಿನಂತಿಸುತ್ತೇನೆ. ಜೂಜಿನ ಯಂತ್ರ ಸಿಕ್ಕರೆ ಅದನ್ನು ಒಡೆಯಲು ಮೊದಲು ಸುತ್ತಿಗೆ ಹಿಡಿಯುವವನು ನಾನೇ, ಪಿಕ್ಚರ್ ಟ್ಯೂಬೊಂದನ್ನು ಬಿಚ್ಚಿಕೊಂಡ ಮೇಲೆ.

ತಮಗೆ ಬಿಡುವಾದ ಯಾವುದೇ ದಿನ ಎರಡು ಯಂತ್ರಗಳನ್ನು ತಮ್ಮ ಕಚೇರಿಯ ಆವರಣಕ್ಕೇ ತಂದು ನಿಲ್ಲಿಸಿ, ಹಿಂಬಾಗಿಲು ತೆರೆದು, ಆಡಿ ತೋರಿಸಲು ಸಿದ್ಧನಿದ್ದೇನೆ. ಒಂದು ಸಾಧಾರಣ ಪ್ಲಗ್ ಪಾಯಿಂಟ್ ಇದ್ದರೆ ಸಾಕು. ಅದಲ್ಲದೆ, ಬರುವಾಗ ದಾರಿಯಲ್ಲಿ ತಡೆದರೆ ತೋರಿಸಲು ತಮ್ಮ ಕಚೇರಿಯ ಒಂದು ಪತ್ರ ಬೇಕಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಹಳೆಯ ಆರ್ಕೇಡ್ ಯಂತ್ರಗಳ ಸಂಗ್ರಾಹಕ,
ತುಮಕೂರು