ರಿಲೇ ಡಯಲ್ ಎಷ್ಟಕ್ಕಿದೆ ನೋಡು

ಚಿ. ಸ್ಫೂರ್ತಿಗೆ, ಚಿತ್ರದುರ್ಗದಿಂದ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ನಾವೆಲ್ಲ ಕ್ಷೇಮ.

ಕಂಪ್ಯೂಟರ್ ಸೈನ್ಸ್ ಸಿಗಲಿಲ್ಲ, ಎಲೆಕ್ಟ್ರಿಕಲ್ ಸಿಕ್ಕಿತು ಅಂತ ನೀನು ಇನ್ನೂ ಸಪ್ಪಗಿದ್ದೀಯಂತೆ, ಅಕ್ಕ ಫೋನಿನಲ್ಲಿ ಹೇಳಿದಳು. ದಾವಣಗೆರೆಯ ಯುಬಿಡಿಟಿ 1951ರಿಂದ ಇರುವ ಕಾಲೇಜು. ಅಲ್ಲಿ ಸೀಟು ಸಿಕ್ಕಿದೆ, ಸುಮ್ನೆ ಕೊರಗಬೇಡ. ಸಬ್‌ಸ್ಟೇಷನ್ನಿನಲ್ಲೇ ಕೂದಲು ಬೆಳ್ಳಗಾದವನು ನಾನು, ಸ್ವಲ್ಪ ಕೇಳು.

ಬೇಸಿಗೆಯಲ್ಲಿ ನಿಮ್ಮ ಚನ್ನಗಿರಿ ತೋಟದ ಬೋರ್ ಮೋಟಾರ್ ಸುಟ್ಟಿತಲ್ಲ. ಭಾವ ಎತ್ತಿಸಿದರು, ವೈಂಡಿಂಗ್ ಮಾಡಿಸಿದರು, ಮತ್ತೆ ಇಳಿಸಿದರು. ಯಾಕೆ ಸುಟ್ಟಿತು ಅಂತ ನೀನು ಕೇಳಿದೆಯಾ? ಮೂರು ಫೇಸಿನಲ್ಲಿ ಒಂದು ಹೋದರೂ ಓಡುತ್ತಿರುವ ಮೋಟಾರ್ ಸಾಮಾನ್ಯವಾಗಿ ನಿಲ್ಲುವುದಿಲ್ಲ. ನೀರೆತ್ತುವ ಭಾರ ಅಷ್ಟೇ ಇರುತ್ತದೆ, ಉಳಿದೆರಡು ಫೇಸೇ ಹೊರಬೇಕು. ಅವುಗಳಲ್ಲಿ ಕರೆಂಟ್ ಸುಮಾರು 1.7 ಪಟ್ಟಾಗುತ್ತದೆ. ಬಿಸಿ ಏರುವುದು ಕರೆಂಟಿನ ವರ್ಗದ ಲೆಕ್ಕದಲ್ಲಿ, ಅಂದರೆ 1.7 × 1.7, ಹತ್ತತ್ರ ಮೂರು ಪಟ್ಟು. ವೈಂಡಿಂಗ್ ತಡೆಯುತ್ತದಾ? ಅಷ್ಟರೊಳಗೆ ಸ್ಟಾರ್ಟರಿನ ಓವರ್‌ಲೋಡ್ ರಿಲೇ, ಅಂದರೆ ಡಯಲಿನಲ್ಲಿ ಇಟ್ಟ ಮಿತಿಯನ್ನು ಕರೆಂಟ್ ಮೀರಿದರೆ ಮೋಟಾರ್ ನಿಲ್ಲಿಸುವ ಸಾಧನ, ಟ್ರಿಪ್ ಆಗಬೇಕು. ಆದರೆ ನಮ್ಮ ಕಡೆಯವರು ಪದೇ ಪದೇ ಟ್ರಿಪ್ ಆಗುತ್ತೆ, ಕಾಟ ಅಂತ ಅದರ ಡಯಲನ್ನೇ ಮೇಲಕ್ಕೆ ತಿರುಗಿಸಿಬಿಡುತ್ತಾರೆ!

ಊರಿಗೆ ಹೋದಾಗ ಮೋಟಾರಿನ ಕಾರ್ಡಿನಲ್ಲಿ ಎಷ್ಟು ಆಂಪ್ಸ್ ಬರೆದಿದೆ, ಡಯಲ್ ಎಷ್ಟಕ್ಕಿದೆ, ಅದಕ್ಕಿಂತ ಮೇಲಿದೆಯಾ ನೋಡು. ಭಾವ ಜೊತೆಗಿರಲಿ. ಮೇನ್ ಆಫ್ ಮಾಡಿ, ಫ್ಯೂಸ್ ಕಿತ್ತು ಜೇಬಿನಲ್ಲಿಟ್ಟುಕೊಂಡ ಮೇಲೇನೇ ಡಬ್ಬಿ ತೆಗೆಯಬೇಕು. ಯಾರೋ ಬಂದು ಸ್ವಿಚ್ ಹಾಕಿದರೂ ಕರೆಂಟ್ ಬರಬಾರದು. ಲೈನ್‌ಮ್ಯಾನ್‌ಗಳು ಎಲ್‌ಸಿ (ಲೈನ್ ಆಫ್ ಮಾಡಿದೆ ಅನ್ನುವ ಅನುಮತಿ) ತೆಗೆದುಕೊಳ್ಳದೆ ಕಂಬ ಹತ್ತುವುದಿಲ್ಲ, ಅದೂ ಇದಕ್ಕೇ.

ಆ 1.7 ಬೇರೇನೂ ಅಲ್ಲ, ರೂಟ್ ಮೂರು. ಮನೆಯ 230 ವೋಲ್ಟನ್ನು ಅದರಿಂದ ಗುಣಿಸು, ತೋಟದ ಮೂರು ಫೇಸಿನ ಸುಮಾರು 400 ವೋಲ್ಟ್ ಬರುತ್ತದೆ. ಆ ಪಾಠ ಬಂದಾಗ ಫೇಸರ್ ಚಿತ್ರ, ಅಂದರೆ ಮೂರು ಫೇಸಿನ ವೋಲ್ಟೇಜನ್ನು ಬಾಣಗಳಲ್ಲಿ ತೋರಿಸುವ ಚಿತ್ರ, ನೀನೇ ಬಿಡಿಸು. ಸೂತ್ರ ಬಾಯಿಪಾಠ ಮಾಡಿ ಪಾಸಾದವರು ಇಂಟರ್‌ವ್ಯೂನಲ್ಲಿ ಎರಡನೇ ಪ್ರಶ್ನೆಗೇ ತಡವರಿಸುತ್ತಾರೆ.

ಇನ್ನೊಂದು. ಲ್ಯಾಬಿನಲ್ಲಿ ಹುಡುಗರು ವೈರ್ ಜೋಡಿಸುವುದು, ಹುಡುಗಿಯರು ರೀಡಿಂಗ್ ಬರೆದುಕೊಳ್ಳುವುದು ಬಹಳ ಕಡೆ ಇದೆ. ನೀನು ಹಾಗೆ ಕೂರಬೇಡ. ಕನೆಕ್ಷನ್ ನೀನೇ ಕೊಡು, ಮೇಷ್ಟ್ರಿಗೆ ತೋರಿಸಿ ಆಮೇಲೆ ಸಪ್ಲೈ ಹಾಕು.

ಕೆಲಸದ ಚಿಂತೆ ಈಗಲೇ ಜಾಸ್ತಿ ಬೇಡ. ಎಂಜಿನಿಯರಿಂಗಿನವರು ಬರೆಯುವ ಗೇಟ್ (GATE) ಪರೀಕ್ಷೆಯನ್ನು ಮೂರನೇ ವರ್ಷದಲ್ಲೇ ಬರೆಯಬಹುದು. ಕೇಂದ್ರ ಸರ್ಕಾರದ ವಿದ್ಯುತ್ ಸಾಗಣೆ ಕಂಪನಿ ಪವರ್ ಗ್ರಿಡ್‌ನವರು ಆ ಅಂಕ ನೋಡಿ ತೆಗೆದುಕೊಳ್ಳುತ್ತಾರೆ. ನಮ್ಮ ರಾಜ್ಯದ ವಿದ್ಯುತ್ ಪ್ರಸರಣ ನಿಗಮ ಕೆಪಿಟಿಸಿಎಲ್ ಕರೆದಾಗ ಅರ್ಜಿ ಹಾಕು. ಪಕ್ಕದ ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ, ನಮ್ಮ ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳಿವೆ. ಕೋಡಿಂಗ್ ಕಲಿಯಬೇಡ ಅನ್ನುತ್ತಿಲ್ಲ. ಗ್ರಿಡ್ಡಿನ ಲೆಕ್ಕವನ್ನೂ ಈಗ ಕಂಪ್ಯೂಟರಿನಲ್ಲೇ ಮಾಡುತ್ತಾರೆ, ಪೈಥಾನ್ ಕಲಿತಿರು.

ದಸರಾ ರಜೆಗೆ ಇಲ್ಲಿಗೆ ಬಾ. ಗಾಳಿಯಂತ್ರದ ಕಡೆ ನನಗೆ ಪರಿಚಯದವರಿದ್ದಾರೆ, ಒಪ್ಪಿಗೆ ಕೇಳಿ ಇಡುತ್ತೇನೆ. 690 ವೋಲ್ಟನ್ನು 33,000 ವೋಲ್ಟಿಗೆ ಏರಿಸುವ ಟ್ರಾನ್ಸ್‌ಫಾರ್ಮರ್ ಹತ್ತಿರದಿಂದ ನೋಡುವೆಯಂತೆ. ಚಪ್ಪಲಿಯಲ್ಲಿ ಬಂದರೆ ಗೇಟಿನೊಳಗೆ ಬಿಡುವುದಿಲ್ಲ, ಶೂ ಹಾಕಿಕೊಂಡು ಬಾ.

ನಿನ್ನ ಮಾವ