ನಮ್ಮ ಮನೆಯ ಮ್ಯುಟೇಶನ್‌ಗೆ ನೋಟಿಸ್ ಕೊಡುವವರು ಯಾರು?

ಮಾನ್ಯರೇ,

ರಾಜ್ಯ ಸರ್ಕಾರದ ಲೆಕ್ಕಪತ್ರ ಇಲಾಖೆಯಲ್ಲಿ 31 ವರ್ಷ ಆಡಿಟ್ ಕೆಲಸ ಮಾಡಿ ನಿವೃತ್ತನಾದವನು ನಾನು. ಮ್ಯುಟೇಶನ್ ಎಂದರೆ ನನಗೆ ಗೊತ್ತಿದ್ದದ್ದು ತಾಲ್ಲೂಕು ಕಚೇರಿಯದ್ದು ಮಾತ್ರ. ಜಮೀನು ಒಬ್ಬರಿಂದ ಇನ್ನೊಬ್ಬರ ಹೆಸರಿಗೆ ಹೋಗುವಾಗ ಸಂಬಂಧಪಟ್ಟವರಿಗೆ ನೋಟಿಸ್ ಹೋಗಬೇಕು, ತಕರಾರಿಗೆ ಅವಕಾಶ ಕೊಡಬೇಕು, ಆಮೇಲೇ ಪಹಣಿ ತಿದ್ದುವುದು. ಇನ್ನೊಂದು ಬಗೆಯ ಮ್ಯುಟೇಶನ್, ಅಂದರೆ ಜೀನಿನಲ್ಲಾಗುವ ಬದಲಾವಣೆ, ಕಂಡದ್ದು 2019ರಲ್ಲಿ, ಹಿರಿ ಮಗಳ ಮಗನ ರಕ್ತ ಪರೀಕ್ಷೆಯ ವರದಿಯಲ್ಲಿ.

ರಾಗಿಗುಡ್ಡದ ಮೆಟ್ಟಿಲು ಹತ್ತುವಾಗ ಐದು ವರ್ಷದ ಹುಡುಗ ಮಧ್ಯೆ ಮಧ್ಯೆ ಕೂತುಬಿಡುತ್ತಿದ್ದ. ನೆಲದಿಂದ ಏಳಬೇಕಾದರೆ ಮೊದಲು ಮಂಡಿ, ಆಮೇಲೆ ತೊಡೆ, ಹೀಗೆ ತನ್ನ ಕಾಲನ್ನೇ ಏಣಿ ಮಾಡಿಕೊಂಡು ಕೈಯೂರಿ ಏಳುವನು. ಮೀನಖಂಡ ಮಾತ್ರ ಗುಂಡುಗುಂಡಗೆ ಗಟ್ಟಿಯಾಗಿತ್ತು. ‘ನಮ್ಮ ಪೈಲ್ವಾನ’ ಎಂದು ಅದಕ್ಕೆ ಎಣ್ಣೆ ತಿಕ್ಕುತ್ತಿದ್ದವನು ನಾನೇ. ಆ ದಪ್ಪವೇ ರೋಗದ ಲಕ್ಷಣ ಎಂದು ಆಮೇಲೆ ತಿಳಿಯಿತು. ಡುಶೆನ್ ಮಸ್ಕ್ಯುಲರ್ ಡಿಸ್ಟ್ರೊಫಿ: ಸ್ನಾಯುವನ್ನು ಕಾಯುವ ಡಿಸ್ಟ್ರೊಫಿನ್ ಎಂಬ ಪ್ರೋಟೀನು ತಯಾರಾಗದ ಕಾಯಿಲೆ. ಅದರ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ತಾಯಿ ವಾಹಕಿಯಾಗಿದ್ದರೆ, ಅಂದರೆ ಆ ಕೆಟ್ಟ ಜೀನನ್ನು ಹೊತ್ತವಳಾಗಿದ್ದರೆ, ಹುಟ್ಟುವ ಪ್ರತಿ ಗಂಡುಮಗುವಿಗೂ ಕಾಯಿಲೆ ಬರುವ ಸಂಭವ ಅರ್ಧಕ್ಕರ್ಧ. ಹುಡುಗ ಈಗ ಗಾಲಿಕುರ್ಚಿಯಲ್ಲಿದ್ದಾನೆ.

ಜೀನಿನ ತುಂಡೇನಾದರೂ ಬಿಟ್ಟುಹೋಗಿದೆಯೇ ಎಂದು ನೋಡುವ ಮೊದಲ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಇಡೀ ಜೀನನ್ನು ಓದಿಸಿದಾಗ ಡಿಎನ್‌ಎಯ ಒಂದು ಅಕ್ಷರ ಬದಲಾಗಿದ್ದು ಸಿಕ್ಕಿತು. ಅದರ ಮುಂದಿನ ಷರಾ: ‘ವಿಯುಎಸ್’. ರೋಗಕ್ಕೆ ಇದೇ ಕಾರಣವೋ ಅಲ್ಲವೋ ಸದ್ಯಕ್ಕೆ ಹೇಳಲಾಗದು ಎಂದರ್ಥ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬರೆದದ್ದಕ್ಕೆ ನನ್ನ ತಕರಾರಿಲ್ಲ, ಅದು ಪ್ರಾಮಾಣಿಕತೆ. ಆದರೆ ಆಡಿಟ್‌ನಲ್ಲಿ ಇಂಥದ್ದನ್ನು ಬಾಕಿ ಆಕ್ಷೇಪಣೆ ಎನ್ನುತ್ತೇವೆ. ಅದಕ್ಕೊಂದು ರಿಜಿಸ್ಟರ್ ಇಟ್ಟು, ತೀರುವಳಿ ಆಗುವವರೆಗೂ ವರ್ಷ ವರ್ಷ ಬೆನ್ನು ಹತ್ತುತ್ತೇವೆ. ಲ್ಯಾಬಿನವರು ಲಕೋಟೆ ಕೈಗಿಟ್ಟು ರಸೀತಿ ಕೊಟ್ಟರು, ಅಲ್ಲಿಗೆ ಮುಗಿಯಿತು.

2024ರಲ್ಲಿ ಕಿರಿ ಮಗಳು ಬಸುರಿಯಾದಳು. ಮೂರನೇ ತಿಂಗಳಲ್ಲಿ ಡಾಕ್ಟರು ಹೇಳಿದ್ದು, ವಿಯುಎಸ್ ನಂಬಿಕೊಂಡು ಹೊಟ್ಟೆಯಲ್ಲಿರುವ ಮಗುವಿನ ಪರೀಕ್ಷೆ ಮಾಡಿ ಏನನ್ನೂ ತೀರ್ಮಾನಿಸಲು ಬರುವುದಿಲ್ಲ, ಹಳೇ ಲ್ಯಾಬಿನಲ್ಲಿ ಮರುಪರಿಶೀಲನೆ ಮಾಡಿಸಿ ಎಂದು. ಲ್ಯಾಬು ಅಷ್ಟು ಹೊತ್ತಿಗೆ ಬೇರೆ ಕಂಪನಿಯ ಕೈಸೇರಿತ್ತು. ಮೂರು ಸಲ ಹೋದಾಗಲೂ ಕೌಂಟರಿನ ಹುಡುಗಿ ‘ಅಂಕಲ್, ಅದು ಹಳೇ ಸರ್ವರ್‌ನಲ್ಲಿದೆ’ ಎಂದಳು. ನಾಲ್ಕನೇ ಸಲ ದುಡ್ಡು ಕಟ್ಟಿಸಿಕೊಂಡರು. ಹೊಸ ವರದಿ ಬರುವ ಹೊತ್ತಿಗೆ ಮಗಳಿಗೆ ಏಳು ತಿಂಗಳು. ಅದೇ ಅಕ್ಷರ, ಷರಾ ಮಾತ್ರ ‘ಲೈಕ್ಲಿ ಪ್ಯಾಥೊಜೆನಿಕ್’, ಅಂದರೆ ಬಹುಪಾಲು ಇದೇ ಕಾರಣ. ಕೆಳಗೆ ಸಣ್ಣಕ್ಷರದಲ್ಲಿ ಕೊಟ್ಟಿದ್ದ ಆಧಾರ 2021ರದ್ದು. ಮೂರು ವರ್ಷ ಆ ವಿಷಯ ಜಗತ್ತಿಗೆ ಗೊತ್ತಿತ್ತು, ತ್ಯಾಗರಾಜನಗರದ ನಮ್ಮ ಮನೆಗೆ ಬಂದಿರಲಿಲ್ಲ.

ಆಮೇಲೆ ಮನೆಯ ಹೆಂಗಸರ ರಕ್ತ ಕೊಟ್ಟೆವು. ಕಿರಿ ಮಗಳು ವಾಹಕಿಯೇ ಅಲ್ಲ. ಏಳು ತಿಂಗಳು ಅಪರಾತ್ರಿಯಲ್ಲಿ ಎದ್ದು ಕೂರುತ್ತಿದ್ದವಳು ಅದನ್ನು ಕೇಳಿ ನಗಲಿಲ್ಲ, ‘ಇಷ್ಟೇ ಆಗಿತ್ತಾಪ್ಪ?’ ಎಂದಳು. ಹಿರಿ ಮಗಳಂತೆ ನನ್ನ ಹೆಂಡತಿಯೂ ವಾಹಕಿ. ವಾಹಕಿಯರ ಹೃದಯದ ಸ್ನಾಯುವೂ ದುರ್ಬಲವಾಗಬಹುದು, ಆಗಾಗ ಎಕೋ (ಹೃದಯದ ಸ್ಕ್ಯಾನ್) ಮಾಡಿಸಬೇಕು ಎಂದು ಅವಳಿಗೆ ಮೊದಲ ಸಲ ಯಾರೋ ಹೇಳಿದ್ದು ಅರವತ್ತಾರನೇ ವಯಸ್ಸಿನಲ್ಲಿ. ಏದುಸಿರು ಬಿಟ್ಟರೆ ವಯಸ್ಸಾಯಿತು ಎಂದುಕೊಂಡಿದ್ದೆವು.

ಸರ್ಕಾರ ಏನೂ ಮಾಡಿಲ್ಲ ಎನ್ನಲಾರೆ. 2021ರಲ್ಲಿ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ ಬಂತು, ಮರುವರ್ಷ ನೆರವಿನ ಮಿತಿ 20 ಲಕ್ಷದಿಂದ 50 ಲಕ್ಷಕ್ಕೆ ಏರಿತು. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಕೂಡಿ, ಇಂಥ ಕಾಯಿಲೆಗಳಿಗೆಂದು ಆ ನೀತಿಯಡಿ ಗುರುತಿಸಿದ ಒಂದು ಉತ್ಕೃಷ್ಟತಾ ಕೇಂದ್ರ. ನಮ್ಮ ಐಐಎಸ್‌ಸಿ ಆವರಣದ ಸೆಂಟರ್ ಫಾರ್ ಬ್ರೇನ್ ರಿಸರ್ಚ್ ಮುಂದೆ ನಿಂತು ನಡೆಸಿದ ಜೀನೋಮ್ ಇಂಡಿಯಾ ಯೋಜನೆಯಲ್ಲಿ ದೇಶದ 10 ಸಾವಿರ ಜನರ ಜೀನೋಮ್ (ಪೂರ್ತಿ ಡಿಎನ್‌ಎ) ಓದಿಸಿ, 2025ರ ಜನವರಿಯಲ್ಲಿ ಸಂಶೋಧಕರಿಗೆ ಬಿಟ್ಟುಕೊಟ್ಟರು. ಲ್ಯಾಬಿನವರು ಹೋಲಿಸಿ ನೋಡುವ ಜೀನೋಮ್ ಭಂಡಾರಗಳಲ್ಲಿ ಯುರೋಪ್ ಮೂಲದವರೇ ತುಂಬಿರುವುದು ನಮ್ಮವರ ವರದಿಗಳಲ್ಲಿ ವಿಯುಎಸ್ ಹೆಚ್ಚು ಬೀಳಲು ಒಂದು ಕಾರಣವಂತೆ. ಆ ಕೊರತೆ ಕಡಿಮೆಯಾಗುತ್ತಿರುವುದು ಸಂತೋಷ. ಹಳೇ ವರದಿಯನ್ನು ಕಪಾಟಿನಿಂದ ತೆಗೆದು ಮತ್ತೆ ಓದುವ ಹೊಣೆ ಯಾರದು ಎಂಬುದನ್ನು ಮಾತ್ರ ಯಾರೂ ಬರೆದಿಟ್ಟ ಹಾಗಿಲ್ಲ.

ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯ 29ನೇ ಸೆಕ್ಷನ್ ತೆಗೆದು ನೋಡಿದೆ. ಜೆನೆಟಿಕ್ ಲ್ಯಾಬುಗಳು ಅದರಡಿ ದಾಖಲೆ ಕಾಯ್ದಿಡಬೇಕಾದದ್ದು ಎರಡು ವರ್ಷ. ಆ ಕಾಯ್ದೆಯ ಉದ್ದೇಶ ಬೇರೆ, ಒಪ್ಪುತ್ತೇನೆ. ಲ್ಯಾಬುಗಳ ಗುಣಮಟ್ಟ ನೋಡುವ ಎನ್‌ಎಬಿಎಲ್‌ನ ಮಾನ್ಯತೆ ಪಡೆಯುವುದೂ ಲ್ಯಾಬಿನ ಇಷ್ಟ. ಸರ್ಕಾರಿ ಕಚೇರಿಯ ‘ಎ’ ವರ್ಗದ ಕಡತ ಶಾಶ್ವತ, ಸುಡುವ ಹಾಗಿಲ್ಲ. ಅಜ್ಜಿಯಿಂದ ಮೊಮ್ಮಗನವರೆಗೆ ಇಳಿಯುವ ಕಾಯಿಲೆಯ ಕಡತಕ್ಕೂ ಆ ‘ಎ’ ಸಿಗಬೇಕು.

ಜೆನೆಟಿಕ್ ಸೇವೆಯನ್ನು ವಿಸ್ತರಿಸುವವರು ಹೊಸ ಯಂತ್ರದ ಟೆಂಡರ್ ಕರೆಯುವ ಮುನ್ನ ಒಂದು ಬಾಕಿ ರಿಜಿಸ್ಟರ್ ತೆರೆಯಲಿ. ಪ್ರತಿ ವಿಯುಎಸ್ ಅದರಲ್ಲಿ ಏರಲಿ, ಎರಡು ವರ್ಷಕ್ಕೊಮ್ಮೆ ನೋಡಲಿ, ಷರಾ ಬದಲಾದರೆ ಮನೆಗೆ ತಿಳಿಸಲಿ. ಅದಕ್ಕೆ ಮತ್ತೆ ದುಡ್ಡು ಕೇಳಬಾರದು. ಲ್ಯಾಬು ಮುಚ್ಚಿದರೆ, ಮಾರಾಟವಾದರೆ ಕಡತ ಉತ್ಕೃಷ್ಟತಾ ಕೇಂದ್ರದ ವಶಕ್ಕೆ ಬರಲಿ. ಇದನ್ನು ನೋಡಿಕೊಳ್ಳುವ ಸಮಿತಿಯಲ್ಲಿ ಇಂಥ ಮಕ್ಕಳ ತಾಯಂದಿರೂ ಇಬ್ಬರು ಕೂರಲಿ. ರೋಗಿಯ ಮನೆಯವರು ಒಪ್ಪಿದರೆ ನೆಂಟರಿಗೆ ತೋರಿಸಲು ಕೇಂದ್ರದ ಮೊಹರು ಇರುವ, ಕನ್ನಡದಲ್ಲಿರುವ ಒಂದು ಪುಟದ ಕಾಗದ ಕೊಡಲಿ.

ಕೊನೆಯದನ್ನು ಕೇಳಲು ಕಾರಣವಿದೆ. ಹಾಸನದ ಕಡೆ ಇರುವ ನನ್ನ ಹೆಂಡತಿಯ ತಂಗಿಗೆ ಇಬ್ಬರು ಹೆಣ್ಣುಮಕ್ಕಳು, ಒಬ್ಬಳಿಗೆ ಗಂಡು ನೋಡುತ್ತಿದ್ದಾರೆ. ಅವರೂ ವಾಹಕಿಯರಾಗಿರಬಹುದು ಎಂದು ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ನಾಲ್ಕು ಸಲ ಬರೆದು ಹರಿದು, ಐದನೆಯದನ್ನು ಅಂಚೆಗೆ ಹಾಕಿದೆ. ಆಕೆ ಫೋನ್ ಮಾಡಿ ಹೇಳಿದ್ದು: ‘ಭಾವ, ಹೆಣ್ಣು ನೋಡೋಕೆ ಬರೋ ಹೊತ್ತಲ್ಲಿ ಇದನ್ನೆಲ್ಲ ಎತ್ತಬೇಡಿ. ಡಾಕ್ಟರು ಹೇಳಿದರೆ ನೋಡೋಣ.’

ಅವರ ಸಲುವಾಗಿ ಈ ಪತ್ರದ ಕೆಳಗೆ ನನ್ನ ಹೆಸರು ಹಾಕಬೇಡಿ ಎಂದು ಕೋರುತ್ತೇನೆ.

– ಹೆಸರು ಬೇಡ, ತ್ಯಾಗರಾಜನಗರ, ಬೆಂಗಳೂರು