ಪಹಣಿಯಲ್ಲಿರುವ ಹೆಸರು ಒಡೆತನದ ಪುರಾವೆಯಲ್ಲ

ಮಾನ್ಯರೇ,

ಒಂದೇ ಜಮೀನು ತಮ್ಮದೆಂದು ಇಬ್ಬರು ಹೇಳತೊಡಗಿದರೆ ನಮ್ಮ ಹಳ್ಳಿಗಳಲ್ಲಿ ಮೊದಲು ಕೇಳುವ ಪ್ರಶ್ನೆ, ಪಹಣಿ ಯಾರ ಹೆಸರಿನಲ್ಲಿದೆ ಎಂಬುದು. ತಪ್ಪೆಂದು ಸಾಬೀತಾಗುವವರೆಗೆ ಪಹಣಿಯ ನಮೂದನ್ನು ಸರಿಯೆಂದೇ ಭಾವಿಸಬೇಕೆಂದು ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 133ನೇ ಕಲಂ ಹೇಳುತ್ತದೆ, ನಿಜ. ಆದರೆ ಖಾತೆ ಬದಲಾವಣೆಯಿಂದ, ಅಂದರೆ ಕಂದಾಯ ದಾಖಲೆಯಲ್ಲಿ ಹೆಸರು ಬದಲಾಗುವುದರಿಂದ, ಒಡೆತನ ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲ ಎಂದು ಸುಪ್ರೀಂ ಕೋರ್ಟ್ ಹಲವು ತೀರ್ಪುಗಳಲ್ಲಿ ಸ್ಪಷ್ಟಪಡಿಸಿದೆ.

ಮಾಲೀಕನೊಬ್ಬ ಜನವರಿಯಲ್ಲಿ ಒಬ್ಬರಿಗೆ ಕ್ರಯಪತ್ರ ಬರೆದುಕೊಟ್ಟು, ಅದು ಮಾರ್ಚ್‌ನಲ್ಲಿ ನೋಂದಣಿಯಾಗುವಷ್ಟರಲ್ಲಿ, ಫೆಬ್ರುವರಿಯಲ್ಲೇ ಇನ್ನೊಬ್ಬರಿಗೆ ಅದೇ ಜಮೀನನ್ನು ಬರೆದು ನೋಂದಣಿಯನ್ನೂ ಮಾಡಿಸಿಕೊಟ್ಟನೆಂದುಕೊಳ್ಳೋಣ. ಎರಡನೆಯವರು ಬೇಗನೆ ಖಾತೆ ಮಾಡಿಸಿಕೊಂಡಿದ್ದರೂ ಹಕ್ಕು ಸಾಮಾನ್ಯವಾಗಿ ಮೊದಲನೆಯವರದೇ. ಏಕೆಂದರೆ 1908ರ ನೋಂದಣಿ ಕಾಯ್ದೆಯ 47ನೇ ಕಲಮಿನಂತೆ ನೋಂದಾಯಿತ ಪತ್ರ ಬರೆದುಕೊಟ್ಟ ದಿನದಿಂದಲೇ ಜಾರಿಗೆ ಬರುತ್ತದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 48ನೇ ಕಲಮಿನ ಪ್ರಕಾರ ಮೊದಲು ಕೊಟ್ಟ ಹಕ್ಕನ್ನು ನಂತರ ಕೊಟ್ಟ ಹಕ್ಕು ಕಸಿಯಲಾರದು.

ಇದನ್ನರಿಯದ ರೈತರು ತಹಶೀಲ್ದಾರ್, ಉಪವಿಭಾಗಾಧಿಕಾರಿ, ಜಿಲ್ಲಾಧಿಕಾರಿ ಎಂದು ಒಂದಾದ ಮೇಲೊಂದು ಕಚೇರಿಗೆ ವರ್ಷಗಟ್ಟಲೆ ಅಲೆಯುವುದು ನನಗೆ ತೀವ್ರ ಸಂಕಟದ ವಿಷಯ. ಈ ಅಧಿಕಾರಿಗಳು ದಾಖಲೆ ತಿದ್ದಬಲ್ಲರೇ ಹೊರತು ಒಡೆತನದ ವಿವಾದವನ್ನು ಅಂತಿಮವಾಗಿ ತೀರ್ಮಾನಿಸಲಾರರು. ಅದು ಸಿವಿಲ್ ನ್ಯಾಯಾಲಯದ ಕೆಲಸ. ಅಲ್ಲಿನ ಡಿಕ್ರಿಗೆ (ತೀರ್ಪಿನ ಆದೇಶಕ್ಕೆ) ತಕ್ಕಂತೆ ಪಹಣಿಯನ್ನು ತಿದ್ದಬೇಕೆಂದು ಭೂಕಂದಾಯ ಕಾಯ್ದೆಯ 135ನೇ ಕಲಮೇ ವಿಧಿಸಿದೆ. ಈ ಅಲೆದಾಟದ ನಡುವೆ ಇನ್ನೊಂದು ಅಪಾಯವೂ ಇದೆ. ತನ್ನದೇ ಹಕ್ಕೆಂದು ಬಹಿರಂಗವಾಗಿ, ಮಾಲೀಕನಿಗೆ ವಿರುದ್ಧವಾಗಿ ಜಮೀನಿನ ಸ್ವಾಧೀನದಲ್ಲಿರುವವನ ಮೇಲೆ ಹನ್ನೆರಡು ವರ್ಷಗಳೊಳಗೆ ದಾವೆ ಹೂಡದಿದ್ದರೆ, 1963ರ ಕಾಲಮಿತಿ ಕಾಯ್ದೆಯ 27ನೇ ಕಲಮಿನಂತೆ ಮೂಲ ಮಾಲೀಕನ ಹಕ್ಕೇ ನಶಿಸಿಹೋಗುತ್ತದೆ. ಕಂದಾಯ ಕಚೇರಿಯಲ್ಲಿ ಅರ್ಜಿ ಬಾಕಿಯಿದೆ ಎಂಬುದರಿಂದಷ್ಟೇ ಆ ಗಡುವು ನಿಲ್ಲುವುದಿಲ್ಲ. ಕಾಗದಪತ್ರಗಳೆಲ್ಲ ಸರಿಯಿದ್ದವರೂ ಹೀಗೆ ಜಮೀನು ಕಳೆದುಕೊಳ್ಳುವ ಸ್ಥಿತಿ ಬರಬಾರದು.

ಆದ್ದರಿಂದ ಪ್ರತಿ ಪಹಣಿಯ ಕೆಳಗೆ ‘ಇದು ಒಡೆತನದ ಅಂತಿಮ ಪುರಾವೆಯಲ್ಲ, ಹಕ್ಕಿನ ತಕರಾರಿದ್ದಲ್ಲಿ ಸಿವಿಲ್ ನ್ಯಾಯಾಲಯವನ್ನು ಸಂಪರ್ಕಿಸಿ’ ಎಂದು ದಪ್ಪ ಅಕ್ಷರಗಳಲ್ಲಿ ಮುದ್ರಿಸುವಂತೆ ಕಂದಾಯ ಇಲಾಖೆಯನ್ನು ಕೋರುತ್ತೇನೆ. ಖಾತೆ ತಕರಾರಿನ ಅರ್ಜಿ ಸ್ವೀಕರಿಸುವಾಗಲೇ ಅರ್ಜಿದಾರರಿಗೆ ಕಾಲಮಿತಿಯ ವಿಷಯವನ್ನು ಲಿಖಿತವಾಗಿ ತಿಳಿಸಿ, ತಾಲ್ಲೂಕು ಕಾನೂನು ಸೇವಾ ಸಮಿತಿಯ ವಿಳಾಸವನ್ನೂ ಕೊಡಬೇಕು.

– ಒಬ್ಬ ಓದುಗ, ತುಮಕೂರು